ಮಾಯಾ ಮಾಡ್ರಿ, ಮೋಸ ಮಾಡಬ್ಯಾಡ್ರಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು. ಈ ನಾಲ್ಕು ಊರುಗಳ ಸುತ್ತ ಯಾವುದೋ ಮನೆಯಲ್ಲಿ ಯಾರೋ ಒಬ್ಬರು ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಕಾದಂಬರಿ ಶುರು ಮಾಡಿರುತ್ತಾರೆ. ಅದು ಮಾಯಾಲೋಕದ ಕಥೆ ಇರಬಹುದು, ಕೊಲೆಯ ಗುಟ್ಟು ಬಿಡಿಸುವ ಕಥೆಯೂ ಇರಬಹುದು. ಈ ಸೂತ್ರಗಳು ಅವರಿಗಾಗಿ. ನಾನು ಕಾದಂಬರಿ ಬರೆದವರ ಪೈಕಿ ಅಲ್ಲ, ಓದಿದವರ ಪೈಕಿ. ಹದಿಹರೆಯದವರಿಗೆಂದು ಬಂದ ಪುಸ್ತಕಗಳನ್ನು ಆ ವಯಸ್ಸು ದಾಟಿದ ಮೇಲೂ ಬಿಡದೆ ಓದುತ್ತ ಬಂದಿದ್ದೇನೆ.

ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿಗೆ ಈಗ ಒಳ್ಳೆಯ ಕಾಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ಕ್ಕೆ ಬಂತು, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ. ಇಂಥವನ್ನು ಓದಿ ಬೆಳೆದ ಹುಡುಗಿ ಒಂಬತ್ತನೆಯ ತರಗತಿಗೆ ಕಾಲಿಟ್ಟ ಮೇಲೆ ಏನು ಓದಬೇಕು? ತೇಜಸ್ವಿಯವರ ‘ಕರ್ವಾಲೊ’ ಇದೆ, ‘ಜುಗಾರಿ ಕ್ರಾಸ್’ ಇದೆ. ಅವೂ ಮುಗಿದ ಮೇಲೆ ಇಂಗ್ಲಿಷ್ ಬಲ್ಲವಳು ಅತ್ತ ಹೋಗುತ್ತಾಳೆ, ಬಾರದವಳು ಮೊಬೈಲ್ ಹಿಡಿಯುತ್ತಾಳೆ. ಹದಿನಾಲ್ಕರಿಂದ ಹದಿನೆಂಟರವರೆಗಿನ ಓದುಗರ ಕಪಾಟು ನಮ್ಮಲ್ಲಿ ಹೆಚ್ಚುಕಡಿಮೆ ಬರಿದಾಗಿದೆ. ಅದನ್ನು ತುಂಬುವವರು ನೀವಾಗಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

1. ಮಾಯೆಗೊಂದು ಕಟ್ಟಳೆ ಇಡಿ, ಅದನ್ನು ನೀವೇ ಮುರಿಯಬೇಡಿ

ಈಚಿನ ಮಾಯಾ ಕಾದಂಬರಿಗಳಲ್ಲಿ ನನಗೆ ಬೇಸರ ತರಿಸುವುದು ಒಂದೇ ಚಾಳಿ. ಮುನ್ನೂರು ಪುಟ ಪೆಟ್ಟು ತಿಂದ ನಾಯಕಿಗೆ ಕೊನೆಯ ಅಧ್ಯಾಯದಲ್ಲಿ ಯಾರೂ ಕೇಳಿರದ ಹೊಸ ಶಕ್ತಿಯೊಂದು ಮೈಯಲ್ಲಿ ತುಂಬಿಬಿಡುತ್ತದೆ. ವೈರಿ ಬೂದಿಯಾಗುತ್ತಾನೆ, ಓದುಗ ಪೆಚ್ಚಾಗುತ್ತಾನೆ. ಶಕ್ತಿ ಎಲ್ಲಿಂದ ಬೇಕಾದರೂ ಬರುವುದಾದರೆ ಅಲ್ಲಿಯವರೆಗೆ ನಾವು ಜೀವ ಕೈಯಲ್ಲಿ ಹಿಡಿದು ಕೂತದ್ದು ಯಾತಕ್ಕೆ?

ಇದಕ್ಕೆ ಮದ್ದು ವಾತಾಪಿಯೆಂಬ ಹಳೆಯ ಹೆಸರಿನ ಬಾದಾಮಿಯಲ್ಲೇ ಇದೆ. ವಾತಾಪಿ ಇಲ್ವಲರ ಕಥೆಯನ್ನು ಮಹಾಭಾರತದ ವನಪರ್ವ ಹೇಳುತ್ತದೆ, ನಮ್ಮ ಕಡೆಯ ಮಕ್ಕಳು ಅದನ್ನು ಮನೆಯಲ್ಲೇ ಕೇಳಿ ಬೆಳೆಯುತ್ತಾರೆ. ಇಲ್ವಲನಿಗೆ ಒಂದು ವಿದ್ಯೆ ಗೊತ್ತು: ಸತ್ತವರನ್ನು ಹೆಸರು ಹಿಡಿದು ಕೂಗಿದರೆ ಅವರು ಮೈಸಮೇತ ಎದ್ದು ಬರುತ್ತಾರೆ. ಅವನ ತಮ್ಮ ವಾತಾಪಿಗೆ ಟಗರಾಗುವ ವಿದ್ಯೆ ಗೊತ್ತು. ಅಣ್ಣ ತಮ್ಮನನ್ನು ಕೊಯ್ದು ಅಡಿಗೆ ಮಾಡಿ ಅತಿಥಿಗಳಿಗೆ ಬಡಿಸುತ್ತಾನೆ. ಊಟವಾದ ಮೇಲೆ ತಮ್ಮನ ಹೆಸರು ಹಿಡಿದು ಕೂಗುತ್ತಾನೆ, ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ನಗುತ್ತ ಹೊರಬರುತ್ತಾನೆ. ಅಗಸ್ತ್ಯ ಬಂದಾಗಲೂ ಬಡಿಸಿದ್ದು ಅದೇ ಅಡಿಗೆ. ಅಗಸ್ತ್ಯ ಅಷ್ಟನ್ನೂ ತಾನೊಬ್ಬನೇ ಉಂಡು ಅರಗಿಸಿಕೊಂಡುಬಿಟ್ಟ. ಇಲ್ವಲ ಕೂಗಿದ. ಹೊರಗೆ ಬಂದದ್ದು ಗಾಳಿ ಮಾತ್ರ.

ಅಗಸ್ತ್ಯ ಇಲ್ಲಿ ಮಿಂಚು ಹೊಡೆಯಲಿಲ್ಲ, ಯಾವ ಅಸ್ತ್ರವನ್ನೂ ಬಿಡಲಿಲ್ಲ. ಇಲ್ವಲನ ವಿದ್ಯೆಗೆ ಎದ್ದು ಬರಲು ಒಂದು ಮೈ ಬೇಕಿತ್ತು, ಆ ಮೈಯೇ ಉಳಿಯದಂತೆ ಮಾಡಿದ. ಕಟ್ಟಳೆ ಮೊದಲ ಸಾಲಿನಿಂದ ನಮ್ಮ ಕಣ್ಣ ಮುಂದೆಯೇ ಇತ್ತು, ಅದರೊಳಗಿನ ಬಿರುಕು ಮಾತ್ರ ಕಂಡಿರಲಿಲ್ಲ. ಕಂಡ ಕೂಡಲೇ ಕೇಳುವ ಮಗು ಕೇಕೆ ಹಾಕುತ್ತದೆ. ನಿಮ್ಮ ಕಾದಂಬರಿಯ ಕೊನೆಗೂ ಅಂಥ ಕೇಕೆ ಬರಬೇಕು. ಬರೆಯಲು ಕೂರುವ ಮುನ್ನ ಒಂದು ಹಾಳೆಯ ಮೇಲೆ ಮೂರು ಸಾಲು ಬರೆದು ಗೋಡೆಗೆ ಅಂಟಿಸಿ: ನನ್ನ ಮಾಯೆ ಏನು ಮಾಡಬಲ್ಲದು, ಏನು ಮಾಡಲಾರದು, ಮಾಡಿದವರು ಏನು ಕಳೆದುಕೊಳ್ಳುತ್ತಾರೆ. ನಾಲ್ಕನೆಯ ಸಾಲು ಬೇಕೆನಿಸಿದರೆ ಕಥೆ ಎಲ್ಲೋ ದಾರಿ ತಪ್ಪಿದೆ ಎಂದರ್ಥ.

2. ಕಥೆ ನಿಮ್ಮ ಊರಿನಲ್ಲೇ ನಡೆಯಲಿ

ಹೊಸಬರ ಹಸ್ತಪ್ರತಿಗಳಲ್ಲಿ ಹಿಮ ಬೀಳುತ್ತದೆ, ಓಕ್ ಮರಗಳಿರುತ್ತವೆ, ಕೋಟೆಯೊಳಗೆ ಬೆಂಕಿಗೂಡು ಉರಿಯುತ್ತದೆ. ಬರೆದವರು ಮಲಪ್ರಭೆಯ ದಂಡೆಯವರು! ನೈಜೀರಿಯಾ ಮೂಲದ ಟೋಮಿ ಅಡೆಯೆಮಿ 2018ರಲ್ಲಿ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’ ತಂದಾಗ ಜಗತ್ತು ತಿರುಗಿ ನೋಡಿದ್ದಕ್ಕೆ ಒಂದು ಕಾರಣ, ಆಕೆ ಯೊರುಬಾ ಜನರ ದೇವರುಗಳನ್ನೂ ಮಾತನ್ನೂ ಕಥೆಗೆ ತಂದದ್ದು. ರೋಶನಿ ಚೋಕ್ಷಿ ಅದೇ ವರ್ಷ ಪಾಂಡವರನ್ನು ಅಮೆರಿಕದ ಶಾಲಾ ಹುಡುಗಿಯ ಕಥೆಗೆ ಕರೆತಂದರು. ಅವರೆಲ್ಲ ತಮ್ಮ ಮನೆಯ ಕಣಜ ತೆರೆದು ಕೂತಿರುವಾಗ ನಾವು ಕಂಡವರ ಮನೆಯಲ್ಲಿ ಕಡ ಕೇಳುವುದೇಕೆ?

ಬಾಗಲಕೋಟೆಯನ್ನೇ ನೋಡಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಹೋಯಿತು, ಜನ ನವನಗರಕ್ಕೆ ಬಂದರು. ಹಳೆಯ ಊರಲ್ಲಿ ಓಣಿಗಳಿಗೆ ಹೆಸರಿತ್ತು, ಹೊಸ ಊರಿನಲ್ಲಿ ಸೆಕ್ಟರುಗಳಿಗೆ ನಂಬರು. ಅಜ್ಜಿ ಇನ್ನೂ ಓಣಿಯ ಹೆಸರು ಹೇಳುತ್ತಾಳೆ, ಮೊಮ್ಮಗನಿಗೆ ಆ ಓಣಿ ನೋಡಿದ ನೆನಪೇ ಇಲ್ಲ. ಒಂದು ಮಾಯಾ ಕಾದಂಬರಿಗೆ ಇದಕ್ಕಿಂತ ಗಟ್ಟಿಯಾದ ನೆಲ ಯಾವುದಿದೆ? ನೀರಿನ ಕೆಳಗೊಂದು ಊರು, ನೀರಿನ ಮೇಲೊಂದು ಊರು, ಎರಡಕ್ಕೂ ಅದೇ ಹೆಸರು. ಕೂಡಲಸಂಗಮದಲ್ಲೂ ಹಾಗೆಯೇ. ಬಸವಣ್ಣನವರ ಐಕ್ಯಮಂಟಪ ಈಗ ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಕಟ್ಟಿದ ಬಾವಿಯಂಥ ಆವರಣದ ತಳದಲ್ಲಿದೆ. ಮೆಟ್ಟಿಲಿಳಿದು ಹೋಗುವಾಗ ಗೋಡೆಯಾಚೆ ಹೊಳೆ ನಿಂತಿದೆ ಎಂಬ ಅರಿವು ಮೈಗೆ ತಾಗುತ್ತದೆ.

ಇತಿಹಾಸ ಬೇಕೆನ್ನುವವರಿಗೆ ಇನ್ನೂ ಒಂದು ಹೊಲ ಬಿತ್ತದೆ ಬಿದ್ದಿದೆ. 634ರಲ್ಲಿ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಕಲ್ಲಿಗೆ ಹತ್ತಿಸಿದ. ಎಂಟೇ ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದು ಅಲ್ಲಿಯ ಬಂಡೆಯ ಮೇಲೆ ತನ್ನದೇ ಶಾಸನ ಬರೆಸಿದ. ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಪಟ್ಟವನ್ನು ಮರಳಿ ಕಟ್ಟುವ ಹೊತ್ತಿಗೆ ಹತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು. ತಮಿಳಿನ ಕಲ್ಕಿ ಈ ಯುದ್ಧವನ್ನು ಕಂಚಿಯ ಕಡೆಯಿಂದ ನೋಡಿ 1944ರಿಂದ 46ರವರೆಗೆ ‘ಶಿವಗಾಮಿಯಿನ್ ಶಪಥಂ’ ಬರೆದರು. ವೈರಿಯ ಕೈಗೆ ಹೋದ ಬಾದಾಮಿಯಲ್ಲಿ ಹದಿನಾಲ್ಕು ವರ್ಷದ ಕಲ್ಕುಟಿಗನ ಮಗಳೊಬ್ಬಳು ಉಳಿ ಹಿಡಿದು ಬೆಳೆದರೆ ಅವಳ ಕಣ್ಣಿಗೆ ಏನೇನು ಕಂಡೀತು? ಆ ಕಾದಂಬರಿಗಾಗಿ ನಾನು ಕಾದಿದ್ದೇನೆ.

3. ಕಲ್ಲಿನಲ್ಲಿ ನಿಂತ ಪ್ರಶ್ನೆಯನ್ನು ಹುಡುಕಿ, ಆದರೆ ಪಾಠ ಮಾಡಬೇಡಿ

ಡಾ. ಕೆ. ಎನ್. ಗಣೇಶಯ್ಯನವರು ಕೃಷಿ ವಿಜ್ಞಾನಿ. ಹೊಯ್ಸಳ ಗುಡಿಗಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂತೆ ಕಾಣುವುದೇನು ಎಂಬ ಪ್ರಶ್ನೆಯ ಸುತ್ತ ಅವರು ‘ಕನಕ ಮುಸುಕು’ ಕಟ್ಟಿದರು. ಜೋಳದ ಆ ಜಾತಿ ಅಮೆರಿಕದ್ದು. ಕೊಲಂಬಸನಿಗಿಂತ ಮೊದಲೇ ಅದು ನಮ್ಮ ಶಿಲ್ಪಿಯ ಕಣ್ಣಿಗೆ ಬಿದ್ದದ್ದು ಹೇಗೆ? 1989ರಲ್ಲಿ ಇಬ್ಬರು ವಿದೇಶಿ ವಿದ್ವಾಂಸರು ಅದು ಜೋಳವೇ ಎಂದು ಲೇಖನ ಬರೆದರು, ಬೇರೆಯವರು ಒಪ್ಪಲಿಲ್ಲ. ಗುಡಿಗೆ ಹೋದವರು ಯಾರು ಬೇಕಾದರೂ ತಲೆಯೆತ್ತಿ ನೋಡಬಹುದಾದ ಗುಟ್ಟು ಅದು. ಗಣೇಶಯ್ಯನವರ ಗೆಲುವಿನ ಬೇರು ಅಲ್ಲಿದೆ.

ಆದರೆ ಒಂದು ಮಾತು ಹೇಳಲೇಬೇಕು. ಅವರ ಕಾದಂಬರಿಗಳಲ್ಲಿ ಪ್ರಾಣ ಉಳಿಸಿಕೊಳ್ಳಲು ಓಡುತ್ತಿರುವವರು ಆಗಾಗ ನಿಂತು ಶಾಸನ, ಸಸ್ಯ, ವಂಶಾವಳಿಗಳ ಬಗ್ಗೆ ದೀರ್ಘವಾಗಿ ಮಾತಾಡುತ್ತಾರೆ. ವಿಷಯಪ್ರೀತಿ ಇರುವ ದೊಡ್ಡವರು ಅದನ್ನು ಸವಿಯುತ್ತಾರೆ, ನಾನೂ ಸವಿದಿದ್ದೇನೆ. ಹದಿನೈದರ ಹುಡುಗ ಮಾತ್ರ ಪುಟ ಹಾರಿಸುತ್ತಾನೆ. ನಿಮಗೆ ಗೊತ್ತಿರುವುದರಲ್ಲಿ ಹತ್ತರಲ್ಲೊಂದು ಪಾಲು ಪುಸ್ತಕದೊಳಗೆ ಬರಲಿ, ಮಿಕ್ಕದ್ದು ನಿಮ್ಮ ಧೈರ್ಯಕ್ಕಾಗಿ ಒಳಗೇ ಇರಲಿ.

ನಿಮಗೊಂದು ಪ್ರಶ್ನೆ ನಾನೇ ಕೊಡುತ್ತೇನೆ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಹೊತ್ತಿನ ಒಂದು ಶಾಸನವಿದೆ, ಕನ್ನಡದ ತ್ರಿಪದಿ ಮೊದಲು ಕಾಣುವುದು ಅಲ್ಲೇ. ಕಪ್ಪೆ ಅರಭಟ್ಟನೆಂಬವನು ಸಜ್ಜನರಿಗೆ ಎಷ್ಟು ಮೆದು, ಕೇಡಿಗರಿಗೆ ಎಷ್ಟು ಕಠಿಣ ಎಂದು ಅದು ಹೊಗಳುತ್ತದೆ. ಅವನು ಯಾರ ಮಗ, ಯಾವ ಕೇಡನ್ನು ಎದುರಿಸಿದ, ಯಾರು ಬರೆಸಿದರು ಎಂಬುದನ್ನು ಹೇಳುವುದಿಲ್ಲ. ತಗೊಳ್ಳಿ, ಬರೆಯಿರಿ.

4. ಸುಳಿವನ್ನು ಓದುಗನ ಕೈಗೇ ಕೊಡಿ

ಹಿಂದೆ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಕಾದು ನಿಲ್ಲುವವರಿದ್ದರು. ಹೆಚ್ಚು ಶಾಲೆ ಕಲಿಯದ ಅವರು ಬರೆದ ಕಾದಂಬರಿಗಳು ನೂರಾರು. ಕನ್ನಡದಲ್ಲಿ ಓದುವ ಗೀಳು ಹತ್ತಿಸಿದ ಆ ಪುಸ್ತಕಗಳನ್ನು ಹಗುರವಾಗಿ ಕಂಡವರ ಬಗ್ಗೆ ನನಗೆ ಗೌರವವಿಲ್ಲ.

ಇಂದಿನ ಓದುಗ ಮಾತ್ರ ಪತ್ತೇದಾರನ ಹಿಂದೆ ನಡೆಯಲು ಒಲ್ಲ, ಅವನಿಗಿಂತ ಮುಂದೆ ಓಡಬೇಕು ಅನ್ನುತ್ತಾನೆ. ಹಾಲಿ ಜಾಕ್ಸನ್ 2019ರಲ್ಲಿ ಬರೆದ ‘ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್’ ಗೆದ್ದದ್ದು ಈ ಗುಟ್ಟಿನಿಂದ. ಲಿಟಲ್ ಕಿಲ್ಟನ್ ಎಂಬ ಪುಟ್ಟ ಊರು. ಐದು ವರ್ಷದ ಹಿಂದೆ ಆಂಡಿ ಬೆಲ್ ಎಂಬ ಹುಡುಗಿ ಕಾಣೆಯಾದಳು. ಕೊಂದವನು ಸಲ್ ಸಿಂಗ್ ಎಂದು ಊರೇ ತೀರ್ಪು ಕೊಟ್ಟಾಗಿದೆ. ಪಿಪ್ ಎಂಬ ವಿದ್ಯಾರ್ಥಿನಿ ಅದನ್ನು ನಂಬದೆ, ಶಾಲೆಯ ಪ್ರಾಜೆಕ್ಟಿನ ನೆಪದಲ್ಲಿ ಹುಡುಕಲು ಹೊರಡುತ್ತಾಳೆ. ಅವಳ ಟಿಪ್ಪಣಿ, ಸಂದರ್ಶನ, ಶಂಕಿತರ ಪಟ್ಟಿ ಎಲ್ಲವೂ ಪುಸ್ತಕದಲ್ಲಿ ಹಾಗೇ ಇವೆ. ಅವಳಿಗೆ ಗೊತ್ತಾದದ್ದು ನಮಗೂ ಗೊತ್ತು. ಹಾಗಿದ್ದೂ ನಾವು ಎಡವುತ್ತೇವೆ. ನನ್ನ ತಕರಾರು ಒಂದೇ: ಕೊನೆಯಲ್ಲಿ ಗುಟ್ಟಿನ ಮೇಲೆ ಗುಟ್ಟು ಪೇರಿಸಿದ್ದು ಸ್ವಲ್ಪ ಜಾಸ್ತಿಯಾಯಿತು.

ತೇಜಸ್ವಿಯವರ ‘ಚಿದಂಬರ ರಹಸ್ಯ’ ಇದಕ್ಕಿಂತ ಆಳದ ಪಾಠ. ಜೋಗಿಹಾಳರ ಸಾವಿನ ಬೆನ್ನು ಹತ್ತಿ ಅಂಗಡಿ ಕೆಸರೂರಿಗೆ ಬರುತ್ತಾನೆ. ಊರೂ ಪತ್ತೇದಾರನೂ ಓದುಗರೂ ಗುಪ್ತ ಸಂಚುಗಳನ್ನು ಹುಡುಕುತ್ತಿರುವಾಗ ನಿಜವಾದ ಅಪಾಯ ಊರ ಸುತ್ತ ಎಲ್ಲರ ಕಣ್ಣೆದುರೇ ಬೆಳೆಯುತ್ತಿರುತ್ತದೆ. 1985ರ ಪುಸ್ತಕ ಈಗಲೂ ಹಳಸಿಲ್ಲ.

5. ಕೊನೆ ಗೊತ್ತಿದ್ದವರನ್ನೂ ಕೂರಿಸಿ

ಸಸ್ಪೆನ್ಸ್ ಎಂದರೆ ಕೊನೆಯನ್ನು ಬಚ್ಚಿಡುವುದು ಎಂದು ನೀವು ತಿಳಿದಿದ್ದರೆ ಒಂದು ರಾತ್ರಿ ಶ್ರೀಕೃಷ್ಣ ಪಾರಿಜಾತ ನೋಡಿ ಬನ್ನಿ. ಕುಲಗೋಡ ತಮ್ಮಣ್ಣ ಬೆಳೆಸಿ, ಕೌಜಲಗಿ ನಿಂಗಮ್ಮನಂಥವರು ಊರೂರಿಗೆ ಒಯ್ದ ಆಟ ಅದು. ನಾರದ ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಭಾಮೆ ಮುನಿಯುತ್ತಾಳೆ. ಕೂತ ಜನಕ್ಕೆ ಇದೆಲ್ಲ ಬಾಯಿಪಾಠ. ಆದರೂ ಬೆಳಗಿನ ತನಕ ಯಾರೂ ಏಳುವುದಿಲ್ಲ. ದೂತಿ ಈ ಸಲ ಏನು ತಿರುಗಿ ಅಂದಾಳು, ಭಾಮೆಯ ಸೊಕ್ಕು ಯಾವ ಮಾತಿಗೆ ಕರಗೀತು, ಕೃಷ್ಣ ಕೊರವಂಜಿಯ ವೇಷದಲ್ಲಿ ಬಂದಾಗ ಅವಳಿಗೆ ಒಳಗೊಳಗೇ ಗುರುತು ಸಿಕ್ಕಿತೋ ಇಲ್ಲವೋ. ‘ಮುಂದೇನು’ ಎಂಬ ಪ್ರಶ್ನೆ ತೀರಿಹೋಗಿ ‘ಹೇಗೆ’ ಎಂಬ ಪ್ರಶ್ನೆ ರಾತ್ರಿಯಿಡೀ ಎಳೆಯುತ್ತದೆ.

2025ರ ಮಾರ್ಚಿನಲ್ಲಿ ಬಂದ ಸುಝಾನ್ ಕಾಲಿನ್ಸ್ ಅವರ ‘ಸನ್‌ರೈಸ್ ಆನ್ ದ ರೀಪಿಂಗ್’ ಓದುವಾಗ ನನಗೆ ಈ ಆಟವೇ ಮತ್ತೆ ಮತ್ತೆ ನೆನಪಾಯಿತು. 2008ರಲ್ಲಿ ‘ಹಂಗರ್ ಗೇಮ್ಸ್’ ಶುರುವಾದಾಗಲೇ ಹೇಮಿಚ್ ನಮಗೆ ಪರಿಚಯ: ಒಬ್ಬರೇ ಬದುಕುಳಿಯುವ ಆ ಕ್ರೀಡೆಯ ಐವತ್ತನೆಯ ಸುತ್ತಿನಲ್ಲಿ ಗೆದ್ದು, ಆಮೇಲೆ ಕುಡಿತಕ್ಕೆ ಬಿದ್ದವನು. ಅವನು ಗೆದ್ದ ಬಗೆಯ ದೃಶ್ಯಾವಳಿಯನ್ನೂ ಎರಡನೆಯ ಪುಸ್ತಕದಲ್ಲಿ ನೋಡಿ ಆಗಿದೆ. ಹೊಸ ಪುಸ್ತಕ ಅದೇ ಐವತ್ತನೆಯ ಕ್ರೀಡೆಯ ಕಥೆ. ಬದುಕುವವನು ಯಾರೆಂದು ಗೊತ್ತು, ಉಳಿದವರು ಸಾಯುತ್ತಾರೆಂದೂ ಗೊತ್ತು. ಹಾಗಾದರೆ ಓದುವುದೇಕೆ? ಜನರಿಗೆ ತೋರಿಸಿದ ಆ ದೃಶ್ಯಾವಳಿಯಲ್ಲಿ ಕತ್ತರಿಸಿ ಎಸೆದದ್ದು ಏನೇನು ಎಂಬುದು ಇಲ್ಲಿ ಬಯಲಾಗುತ್ತ ಹೋಗುತ್ತದೆ. ಹಳೆಯ ಪುಸ್ತಕದಲ್ಲಿ ಕಣ್ಣಾರೆ ಕಂಡೆವು ಎಂದುಕೊಂಡದ್ದನ್ನೇ ಈಗ ನಂಬಲಾಗುವುದಿಲ್ಲ. ಮೊಬೈಲಿನಲ್ಲಿ ಬಂದ ವಿಡಿಯೊ ಎಲ್ಲವನ್ನೂ ನಿಜವೆಂದು ನಂಬುವ ಕಾಲದಲ್ಲಿ ಹದಿಹರೆಯದವರ ಕೈಗೆ ಇಂಥ ಕಥೆ ಕೊಟ್ಟದ್ದನ್ನು ನಾನು ಉಪಕಾರವೆಂದೇ ಎಣಿಸುತ್ತೇನೆ. ಈಚಿನ ವರ್ಷಗಳಲ್ಲಿ ಈ ವಯಸ್ಸಿನವರಿಗೆ ಬಂದದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ನೀವೂ ಒಮ್ಮೆ ಪ್ರಯತ್ನಿಸಿ. ಮೊದಲ ಪುಟದಲ್ಲೇ ಕೊನೆಯನ್ನು ಹೇಳಿಬಿಡಿ. ಆಮೇಲೂ ಕಥೆ ಎಳೆದುಕೊಂಡು ಹೋದರೆ ನಿಮ್ಮ ಪಾತ್ರಗಳಲ್ಲಿ ಜೀವವಿದೆ.

6. ಪರದೆ ಎಲ್ಲಿ ಬೀಳಬೇಕೆಂದು ಕಂಪನಿ ನಾಟಕದವರಿಂದ ಕಲಿಯಿರಿ

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳ ಟೆಂಟುಗಳು ಅಲ್ಲೇ ಇರುತ್ತವೆ. ರೊಕ್ಕ ಕೊಟ್ಟು ಬಂದವರನ್ನು ಎದ್ದು ಹೋಗದಂತೆ ಹಿಡಿಯುವ ವಿದ್ಯೆ ಅವರಿಗೆ ಹೊಟ್ಟೆಪಾಡಿನಿಂದ ಬಂದದ್ದು. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ರಂಗದ ಮೇಲೆ ಗೆದ್ದು 1974ರಲ್ಲಿ ರಾಜಕುಮಾರರ ಸಿನಿಮಾ ಆಯಿತು. ಅವರಿಂದ ಕಲಿಯಬೇಕಾದ್ದು ಇಷ್ಟು: ಪರದೆ ಬೀಳುವುದು ಉತ್ತರ ಸಿಕ್ಕಾಗ ಅಲ್ಲ, ಒಬ್ಬರು ಹಿಂದೆ ಸರಿಯಲಾಗದ ತೀರ್ಮಾನ ಮಾಡಿದಾಗ. ಅಧ್ಯಾಯದ ಕೊನೆಗೆ ಬಾಗಿಲು ತಟ್ಟಿಸಿ, ಮುಂದಿನ ಅಧ್ಯಾಯದಲ್ಲಿ ಬಂದವನು ಹಾಲಿನವನು ಎನ್ನುವ ಆಟ ಬೇಡ. ಎರಡನೆಯ ಸಲ ಯಾರೂ ನಂಬುವುದಿಲ್ಲ.

7. ಎರಡು ಕಥೆ ಕೂಡಿಸುವಾಗ ಟೋಪ್ ತೆನಿ ನೆನಪಿರಲಿ

ಈಗಿನ ಕಾದಂಬರಿಗಳಲ್ಲಿ ಎರಡು ಕಾಲ, ಎರಡು ಧ್ವನಿ ಬಹಳ. ಒಂದು ಅಧ್ಯಾಯ ಇಂದಿನದು, ಮತ್ತೊಂದು ನೂರು ವರ್ಷ ಹಿಂದಿನದು. ಬಹುಪಾಲು ಪುಸ್ತಕಗಳಲ್ಲಿ ಎರಡೂ ಕೊನೆಯ ಇಪ್ಪತ್ತು ಪುಟಗಳಲ್ಲಿ ಧಡಾರನೆ ಡಿಕ್ಕಿ ಹೊಡೆಯುತ್ತವೆ.

ಇಳಕಲ್ಲಿನ ಕುಣಿ ಮಗ್ಗದ ಬದಿಗೆ ಒಂದು ಹೊತ್ತು ಕೂತು ನೋಡಿ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಕೂಡಿಸಲು ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಸೇರಿಸುತ್ತಾರೆ, ಒಂದಾದ ಮೇಲೊಂದು, ಅಗಲದುದ್ದಕ್ಕೂ. ಇದೇ ಟೋಪ್ ತೆನಿ. ಒಂದೊಂದು ಸೀರೆಯ ಅಳತೆಗಷ್ಟೇ ಹಾಸು ಹೂಡುವುದು ಇದೇ ಕಾರಣಕ್ಕೆ. ಬೆರಳುಗಳು ಅವಸರ ಮಾಡುವುದಿಲ್ಲ. ಒಂದು ಎಳೆ ತಪ್ಪಿದರೆ ಮುಂದೆ ಸೆರಗಿನಲ್ಲಿ ಅದು ಕಂಡೇ ಕಾಣುತ್ತದೆ. ಎರಡು ಕಥೆಗಳೂ ಹೀಗೆ ಎಳೆ ಎಳೆಗೆ ಕೂಡಬೇಕು: ಹಳೆಯ ಕಥೆಯ ಒಂದು ಹೆಸರು, ಒಂದು ಸಾಲ, ಒಂದು ಗಾಯ ಹೊಸ ಕಥೆಯ ಒಂದೊಂದಕ್ಕೆ ಮೊದಲಿನಿಂದಲೇ ಸಿಕ್ಕಿಕೊಂಡಿರಬೇಕು.

ಇದಕ್ಕೆ ಮಾದರಿ ವಸುಧೇಂದ್ರರ ‘ತೇಜೋ-ತುಂಗಭದ್ರಾ’ (2019). ಅದು ದೊಡ್ಡವರ ಪುಸ್ತಕ, ಹದಿನೆಂಟರ ನಂತರ ಓದಿ. ಲಿಸ್ಬನ್ನಿನ ಗೇಬ್ರಿಯಲ್ಲನ ಪ್ರೇಮ ಮತ್ತು ಹಣದ ಆಸೆ ಅವನನ್ನು ಹಡಗು ಹತ್ತಿಸುತ್ತದೆ. ಇತ್ತ ತುಂಗಭದ್ರೆಯ ದಂಡೆಯಲ್ಲಿ ಹಂಪಮ್ಮ ಕೇಶವರ ಬದುಕು. ಅರ್ಧ ಪುಸ್ತಕದವರೆಗೆ ಒಬ್ಬರ ಸುದ್ದಿ ಒಬ್ಬರಿಗಿಲ್ಲ. ಆದರೂ ಎರಡೂ ಕಥೆಗಳು ಕೂಡಿದಾಗ ಕಾಕತಾಳೀಯ ಎನಿಸುವುದಿಲ್ಲ, ಏಕೆಂದರೆ ಗೇಬ್ರಿಯಲ್ಲನನ್ನು ಇತ್ತ ಕರೆತಂದದ್ದು ಅವನದೇ ಬಯಕೆ.

8. ಹುಡುಗಿಯ ಕಟ್ಟುಪಾಡನ್ನೇ ಕಥೆಯ ಯಂತ್ರ ಮಾಡಿ

‘ಹಂಗರ್ ಗೇಮ್ಸ್’ನ ಕ್ಯಾಟ್ನಿಸ್, ಜಾಕ್ಸನ್‌ಳ ಪಿಪ್, ಅಡೆಯೆಮಿಯ ಝೆಲಿ. ಎಲ್ಲರೂ ಹುಡುಗಿಯರು. ನಮ್ಮಲ್ಲೂ ಕಥೆ ಪುಸ್ತಕ ಹೆಚ್ಚು ಓದುವವರು ಹುಡುಗಿಯರೇ ಎಂದು ಯಾವ ಶಾಲೆಯ ಗ್ರಂಥಾಲಯದಲ್ಲಾದರೂ ಕೇಳಿ ನೋಡಿ, ಹೇಳುತ್ತಾರೆ. ಹಾಗೆಂದು ಪಿಪ್‌ಳನ್ನು ಹುನಗುಂದಕ್ಕೆ ತಂದು ನಡುರಾತ್ರಿ ಒಬ್ಬಳೇ ಕಾರು ಓಡಿಸುವಂತೆ ಮಾಡಿದರೆ ಯಾರು ನಂಬುತ್ತಾರೆ?

ನಮ್ಮ ಹುಡುಗಿ ಟ್ಯೂಷನ್ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಮೊಬೈಲ್ ಅಣ್ಣನದು, ಅವನು ಹೊರಗೆ ಹೋದರೆ ಅದೂ ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಕಂಡವರು ಮನೆಗೆ ಸುದ್ದಿ ಮುಟ್ಟಿಸುತ್ತಾರೆ. ಬರೆಯುವವರು ಇದನ್ನು ತೊಡಕು ಎಂದು ತಿಳಿದು ಅವಳನ್ನು ಬೆಂಗಳೂರಿಗೆ ಕಳಿಸಿಬಿಡುತ್ತಾರೆ. ಕಳಿಸಬೇಡಿ. ಐದೂವರೆಗೆ ಟ್ಯೂಷನ್ ಬಿಟ್ಟು ಏಳಕ್ಕೆ ಮನೆ ಸೇರಬೇಕಾದವಳಿಗೆ ಗುಟ್ಟು ಬಿಡಿಸಲು ಸಿಗುವುದು ಒಂದೂವರೆ ತಾಸು. ಪೊಲೀಸರ ಕಥೆಗೆ ಇಲ್ಲದ ಗಡಿಯಾರ ನಿಮಗೆ ಪುಕ್ಕಟೆ ಸಿಕ್ಕಿದೆ. ಹೆಂಗಸರಷ್ಟೇ ಕೂಡುವ ಕಡೆ ಅವಳಿಗೆ ಕೇಳಿಸುವ ಮಾತು ಯಾವ ಪೊಲೀಸನ ಕಿವಿಗೂ ಬೀಳದು. ಉಡಿ ತುಂಬುವ ದಿನ, ಸೀಮಂತ, ನೀರಿನ ನಲ್ಲಿ – ಅವಳ ತನಿಖೆ ನಡೆಯುವುದು ಅಲ್ಲಿ.

9. ಮಾತು ನಮ್ಮ ಕಡೆಯದೇ ಇರಲಿ

ಚಂದ್ರಶೇಖರ ಕಂಬಾರರು ಶಿವಾಪುರವೆಂಬ ಊರನ್ನು ಕಟ್ಟಿ, ಅಲ್ಲಿ ಮಾಯೆಯನ್ನೂ ರಾಜಕೀಯವನ್ನೂ ಒಟ್ಟಿಗೆ ನಡೆಸಿದವರು. ‘ಶಿಖರಸೂರ್ಯ’ ನನ್ನ ಲೆಕ್ಕದಲ್ಲಿ ಕನ್ನಡದ ಬಹು ದೊಡ್ಡ ಫ್ಯಾಂಟಸಿ. ಅವರ ಬರವಣಿಗೆಗೆ ಬಲ ಬಂದದ್ದು ಬೆಳಗಾವಿ ಸೀಮೆಯ ಮಾತಿನಿಂದ. ಅವರನ್ನು ಅನುಕರಿಸಬೇಡಿ, ಅವರ ಧೈರ್ಯವನ್ನು ಮಾತ್ರ ಎರವಲು ಪಡೆಯಿರಿ. ನಿರೂಪಣೆ ಎಲ್ಲರ ಕನ್ನಡದಲ್ಲಿರಲಿ, ಮಾತು ಓಣಿಯದಿರಲಿ. ಹಿನ್ನೀರಿನ ದಂಡೆಯಲ್ಲಿ ಸಂಜೆ ನಿಂತ ಹುಡುಗನೊಬ್ಬ ಕೇಳುತ್ತಾನೆಂದುಕೊಳ್ಳಿ:

“ಕಾಕಾ, ಅಲ್ಲಿ ದೀಪಾ ಉರಿಯಾಕತ್ತೈತಲ್ಲ, ಯಾರ ಮನೀದು?”

“ಅಲ್ಲಿ ಮನೀನ ಇಲ್ಲಪಾ. ಮುಳುಗಿ ಇಪ್ಪತ್ತ ವರ್ಷಾತು.”

ಇದನ್ನೇ “ಅಲ್ಲಿ ಯಾವುದೇ ಮನೆ ಅಸ್ತಿತ್ವದಲ್ಲಿಲ್ಲ” ಎಂದು ಬರೆದು ನೋಡಿ. ದೀಪ ಆರಿಹೋಗುತ್ತದೆ.

10. ಭಯ ಹುಟ್ಟಿಸಿ, ಹೇಸಿಗೆ ಹುಟ್ಟಿಸಬೇಡಿ

ಯಂಡಮೂರಿಯವರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದಾಗ ಓದಿದವರು ರಾತ್ರಿ ನಿದ್ದೆಗೆಟ್ಟರು, 1985ರಲ್ಲಿ ಸಿನಿಮಾ ಕೂಡ ಆಯಿತು. ಅದರ ಹಿಂದೆ ಬಂದ ನಕಲುಗಳಲ್ಲಿ ರಕ್ತ, ಮೂಳೆ, ಸುಡುಗಾಡು ಮಾತ್ರ ಉಳಿದವು. ಮಕ್ಕಳನ್ನು ಹೆದರಿಸುವುದು ಅವರು ಪ್ರೀತಿಸುವ ಪಾತ್ರ ಅಪಾಯಕ್ಕೆ ಸಿಕ್ಕಿತೆಂಬ ಅರಿವು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳಲ್ಲಿ ನರಭಕ್ಷಕ ಕಣ್ಣಿಗೆ ಬೀಳುವ ಮೊದಲಿನ ಪುಟಗಳನ್ನು ಓದಿ, ತಿಳಿಯುತ್ತದೆ.

11. ಒಂದೇ ಪುಸ್ತಕದಲ್ಲಿ ಮುಗಿಸಿ

ಮೂರು ಭಾಗ, ಐದು ಭಾಗ ಎಂದು ಘೋಷಿಸಬೇಡಿ. ಎರಡನೆಯ ಭಾಗ ಬರುವ ಹೊತ್ತಿಗೆ ನಿಮ್ಮ ಓದುಗನಿಗೆ ಮದುವೆಯಾಗಿರುತ್ತದೆ. ‘ಜುಗಾರಿ ಕ್ರಾಸ್’ ಒಂದೇ ದಿನದ ಅವಧಿಯಲ್ಲಿ ಸುರೇಶ ಗೌರಿಯರನ್ನು ಏಲಕ್ಕಿ ಮಾರಾಟದಿಂದ ಸಾವಿನ ಬಾಯಿಯವರೆಗೆ ಎಳೆದೊಯ್ದು ಮುಗಿಸಿತು.

12. ಅಚ್ಚಾಗುವ ಮೊದಲೂ ಆಮೇಲೂ ಮಕ್ಕಳ ಕೈಗೆ ಕೊಡಿ

ಗಳಗನಾಥರು ಉತ್ತರ ಕರ್ನಾಟಕಕ್ಕೆ ಕಾದಂಬರಿಯ ರುಚಿ ಹತ್ತಿಸಿದ್ದು ಬರೆದು ಮಾತ್ರ ಅಲ್ಲ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿ. ಇಂದು ನಿಮಗೆ ಅಷ್ಟು ಕಷ್ಟವಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳು ಅಲ್ಲಿಗೆ ಬರತೊಡಗಿದರು. ಅದೇ ವರ್ಷ ಬಂದ ‘ಮೈಲ್ಯಾಂಗ್’ನಂಥ ಆ್ಯಪ್‌ಗಳಲ್ಲಿ ಇ-ಪುಸ್ತಕವನ್ನೂ ಆಡಿಯೊ ಪುಸ್ತಕವನ್ನೂ ತರಬಹುದು. ಬನಶಂಕರಿ ಜಾತ್ರೆಯಲ್ಲಿ ನಾಟಕದ ಟೆಂಟಿನ ಎದುರು ಒಂದು ಮೇಜು ಹಾಕಿ ಕೂರುವುದಕ್ಕೂ ನಾಚಿಕೆ ಬೇಡ. ಅಲ್ಲಿ ಬರುವಷ್ಟು ಜನ ಯಾವ ಪುಸ್ತಕ ಬಿಡುಗಡೆಗೂ ಬರುವುದಿಲ್ಲ.

ಅಚ್ಚಿಗೆ ಕಳಿಸುವ ಮುನ್ನ ಹಸ್ತಪ್ರತಿಯನ್ನು ನಾಲ್ಕೈದು ಜೆರಾಕ್ಸ್ ಮಾಡಿಸಿ, ನಿಮ್ಮನ್ನು ಅಕ್ಕ ಅಣ್ಣ ಎಂದು ಕರೆಯದ, ಮುಲಾಜಿಲ್ಲದ ಮಕ್ಕಳಿಗೆ ಕೊಡಿ. ‘ಹೆಂಗಿತ್ತು?’ ಎಂದು ಕೇಳಬೇಡಿ, ‘ಚೊಲೊ ಇತ್ರಿ’ ಎನ್ನುತ್ತಾರೆ. ಎಲ್ಲಿ ಓದು ನಿಲ್ಲಿಸಿದಿ, ಯಾವ ಪುಟ ಹಾರಿಸಿದಿ, ಯಾರು ಕಳ್ಳ ಅಂತ ಯಾವ ಪುಟದಲ್ಲಿ ಗೊತ್ತಾಯಿತು ಎಂದು ಕೇಳಿ. ಅವರು ತೋರಿಸಿದ ಪುಟಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ, ಮರುದಿನ ಆ ಪುಟಗಳಿಂದಲೇ ತಿದ್ದಲು ಕೂರಿ.